ಚಿಕ್ಕೋಡಿ ಸೀಮೆಯ ಕಂದಪುಷ್ಪಗಳು

ನೆಲದೊಳಗಿನ ಲಶುನ, ಕಂದ, ಗೆಡ್ಡೆ ಅಥವಾ ಬೇರುಕಾಂಡದಲ್ಲಿ ಆಹಾರವನ್ನು ಸಂಚಯಿಸಿಟ್ಟುಕೊಂಡು, ಪ್ರತಿಕೂಲವಾದ ಋತುವನ್ನು ಎಲೆ ಕಾಂಡಗಳಿಲ್ಲದೆ ಮಣ್ಣಿನ ಮರೆಯಲ್ಲಿ ಕಳೆದು, ಅನುಕೂಲಕಾಲ ಒದಗಿದೊಡನೆ ಚಿಗುರಿ ಹೂವಾಗುವ ಬಹುವಾರ್ಷಿಕ ಸಸ್ಯಗಳಿಗೆ ಕಂದಪುಷ್ಪಗಳೆಂಬ ಸಾಮಾನ್ಯ ನಾಮವು ಸಲ್ಲುವುದು. ಲೋಕದಲ್ಲಿ ಈ ವರ್ಗದ ಅತಿಪ್ರಸಿದ್ಧ ಪ್ರತಿನಿಧಿ ಟ್ಯುಲಿಪ್. ಬೆಳಗಾವಿ ಜಿಲ್ಲೆಯ ಉತ್ತರಭಾಗದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಬಯಲಿನಲ್ಲಿ ಟ್ಯುಲಿಪ್ ನೆಲೆಗೊಳ್ಳದು. ಆದರೆ ಅದೇ ಜೀವನಕ್ರಮವನ್ನು ಅನುಸರಿಸುವ, ಕೆಲವು ಮಟ್ಟಿಗೆ ಅದರ ದೂರದ ಬಂಧುಗಳೇ ಆದ, ರೂಪದಲ್ಲಿಯೂ ವರ್ಣದಲ್ಲಿಯೂ ಅದಕ್ಕೆ ಕಡಮೆಯೆನಿಸದ ಹಲವು ಸಸ್ಯಗಳು ಇಲ್ಲಿಯ ಮಡ್ಡಿ, ಬದು, ಬೇಲಿ, ಹಳ್ಳದ ದಂಡೆಗಳಲ್ಲಿಯೂ ತೋಟ ಹಿತ್ತಿಲುಗಳಲ್ಲಿಯೂ ಕಾಣಬರುವುವು. ಅವುಗಳ ಪರಿಚಯವೇ ಈ ಲೇಖನದ ವಸ್ತು.

ಪ್ರದೇಶ

ಪಶ್ಚಿಮದಲ್ಲಿ ನಿಪ್ಪಾಣಿಯ ಬಳಿಯ ಸ್ತವನಿಧಿ ಘಾಟಿನ ಗುಡ್ಡಗಳಿಂದ ಪೂರ್ವದಲ್ಲಿ ಅಥಣಿಯ ಎರೆಯ ಬಯಲಿನವರೆಗೆ ಹಬ್ಬಿರುವ ಈ ಸೀಮೆಯನ್ನು ಕೃಷ್ಣಾನದಿಯೂ ಅದನ್ನು ಕೂಡಿಕೊಳ್ಳುವ ದೂಧಗಂಗೆಯೂ ದೂಧಗಂಗೆಯನ್ನು ಸೇರುವ ವೇದಗಂಗೆಯೂ ತಣಿಸುತ್ತವೆ. ಸಹ್ಯಾದ್ರಿಯ ಮಳೆನೆರಳಿನಲ್ಲಿರುವುದರಿಂದ ಇಲ್ಲಿಯ ಮಳೆಯು ಪಶ್ಚಿಮದಿಂದ ಪೂರ್ವಕ್ಕೆ ಸರಿದಂತೆ ಕ್ಷೀಣಿಸುತ್ತದೆ. ನಿಪ್ಪಾಣಿಯ ಹೊಗೆಸೊಪ್ಪಿನ ಹೊಲಗಳು ತೇವದಿಂದಿರುವಾಗ ಅಥಣಿಯ ರೈತನು ಮೋಡವನ್ನು ನೋಡುತ್ತಿರುವುದುಂಟು. ಮಿರಗದ, ಎಂದರೆ ಮೃಗಶಿರೆಯ, ಮಳೆಯಿಂದ ಹಿಡಿದು ಚಿತ್ತಾ ಸ್ವಾತಿಗಳವರೆಗೆ ನಾಲ್ಕಾರು ತಿಂಗಳು ಮಾತ್ರ ನೆಲವು ಹಸಿಯಾಗಿದ್ದು, ಉಳಿದ ಕಾಲವೆಲ್ಲ ಒಣಗಿ ಬಿರುಕು ಬಿಡುವ ಇಂತಹ ನೆಲದಲ್ಲಿ ಬಹುಕಾಲ ಬಾಳಬೇಕೆಂಬ ಮೂಲಿಕೆಗೆ ಎರಡೇ ಉಪಾಯಗಳು: ಬೀಜವಾಗಿ ಕಾದಿರುವುದು ಒಂದು, ಕಂದವಾಗಿ ಕಾದಿರುವುದು ಇನ್ನೊಂದು.

ಈ ಭಾಗವು 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಇಲ್ಲಿಯ ಸಸ್ಯಸಂಪತ್ತಿನ ಮೊದಲ ಶಾಸ್ತ್ರೀಯ ದಾಖಲೆಗಳು ಮುಂಬಯಿ ಪ್ರಾಂತದ ಸಸ್ಯಗ್ರಂಥಗಳಲ್ಲಿಯೇ ದೊರೆಯುವುವು. ಡಾಲ್ಜೆಲ್ ಮತ್ತು ಗಿಬ್ಸನ್ ಅವರ ಗ್ರಂಥವು 1861ರಲ್ಲಿಯೂ, ಥಿಯೊಡೋರ್ ಕುಕ್ ಅವರ ವಿಸ್ತಾರವಾದ ಗ್ರಂಥವು 1901ರಿಂದ 1908ರವರೆಗೆ ಭಾಗಭಾಗವಾಗಿಯೂ ಪ್ರಕಟವಾದುವು. ಬೆಳಗಾವಿಯಲ್ಲಿ ರಿಚಿ ಎಂಬವರು ಸಂಗ್ರಹಿಸಿದ ಮಾದರಿಗಳನ್ನು ಕುಕ್ ಮತ್ತೆ ಮತ್ತೆ ಉಲ್ಲೇಖಿಸಿದ್ದಾರೆ.

ಕಂದದ ರಚನೆ ಮತ್ತು ನಿದ್ರೆ

ಆಡುಮಾತಿನಲ್ಲಿ ಎಲ್ಲವನ್ನೂ ಗಡ್ಡಿಯೆಂದೇ ಕರೆಯುವುದು ವಾಡಿಕೆಯಾದರೂ ಶಾಸ್ತ್ರವು ನಾಲ್ಕು ಬಗೆಗಳನ್ನು ಎಣಿಸುತ್ತದೆ. ಉಳ್ಳಾಗಡ್ಡಿಯಂತೆ ಚಪ್ಪಟೆಯಾದ ಕಿರುಕಾಂಡದ ಮೇಲೆ ರಸಭರಿತ ಎಲೆಬುಡಗಳು ಪದರಪದರವಾಗಿ ಸುತ್ತಿಕೊಂಡಿರುವುದು ಲಶುನ. ಸುವರ್ಣಗೆಡ್ಡೆಯಂತೆ ಕಾಂಡವೇ ಇಡಿಯಾಗಿ ಉಬ್ಬಿರುವುದು ಕಂದ. ಬಟಾಟೆಯಂತೆ ಭೂಗತ ಕವಲಿನ ತುದಿ ದಪ್ಪವಾಗಿ ಕಣ್ಣುಗಳನ್ನು ತಳೆದಿರುವುದು ಗೆಡ್ಡೆ. ಅರಿಶಿನದಂತೆ ನೆಲದಲ್ಲಿ ಅಡ್ಡಲಾಗಿ ಹರಿದು ಗೆಣ್ಣುಗೆಣ್ಣಿಗೆ ಮೊಳೆಯುವುದು ಬೇರುಕಾಂಡ. ರಚನೆಯಲ್ಲಿ ಭೇದವಿದ್ದರೂ ಪ್ರಯೋಜನವು ಒಂದೇ.

ಈ ಪ್ರಯೋಜನವನ್ನು ಉತ್ತರ ಕರ್ನಾಟಕದವರಿಗೆ ತಿಳಿಸಲು ಹಗೇವಿನ ದೃಷ್ಟಾಂತವೊಂದೇ ಸಾಕು. ಸುಗ್ಗಿಯ ಜೋಳವನ್ನು ನೆಲದೊಳಗಿನ ಕುಳಿಯಲ್ಲಿ ತುಂಬಿ ಬಾಯಿ ಮುಚ್ಚಿ ಬರಗಾಲಕ್ಕೆಂದು ಕಾದಿಡುತ್ತಿದ್ದ ಹಿರಿಯರು ಯಾವ ವಿವೇಕವನ್ನು ತೋರಿದರೋ ಅದೇ ವಿವೇಕವನ್ನು ಈ ಸಸ್ಯಗಳು ಪ್ರಕೃತಿಸಹಜವಾಗಿ ತೋರುತ್ತವೆ; ಮಳೆಗಾಲದಲ್ಲಿ ಎಲೆಗಳು ಬಿಸಿಲಿನಿಂದ ದುಡಿದು ತಂದ ಪಿಷ್ಟ ಸಕ್ಕರೆಗಳು ಕಂದಕ್ಕಿಳಿದು ತುಂಬುತ್ತವೆ, ಎಲೆಗಳು ಒಣಗಿ ಬಾಯಿ ಮುಚ್ಚುತ್ತದೆ, ಮುಂದಿನ ವರ್ಷದ ಮೊದಲ ಹಸಿಗೆ ಮತ್ತೆ ತೆರೆಯುತ್ತದೆ. ಹೀಗೆ ಕೂಡಿಟ್ಟ ಬಲದಿಂದಲೇ ಕೆಲವು ಜಾತಿಗಳು ಎಲೆ ಮೂಡುವ ಮುನ್ನವೇ ಹೂವನ್ನು ಕಳುಹಿಸಬಲ್ಲುವು.

ಟ್ಯುಲಿಪ್ ಎಂಬ ಅಳತೆಗೋಲು

ಟ್ಯುಲಿಪ್ಪಿನ ಕುಲದ ಮುಖ್ಯ ನೆಲೆ ಮಧ್ಯ ಏಷ್ಯದ ತಿಯೆನ್ ಶಾನ್, ಪಾಮಿರ್ ಪರ್ವತಸೀಮೆ. ಅಲ್ಲಿಯ ಬೇಸಗೆ ಒಣಗಿದ್ದು, ಚಳಿಗಾಲ ಹಿಮಮಯವಾದುದರಿಂದ ಈ ಲಶುನವು ಬೇಸಗೆಯಲ್ಲಿ ಒಳಗೊಳಗೇ ಹೂವಿನ ಮೊಗ್ಗನ್ನು ರೂಪಿಸಿಕೊಂಡು, ಚಳಿಯಲ್ಲಿ ಬೇರು ಬಿಟ್ಟು, ವಸಂತದಲ್ಲಿ ದಂಟನ್ನು ನೀಳಿಸುತ್ತದೆ. ಸುಮಾರು 12ರಿಂದ 16 ವಾರಗಳ ಶೈತ್ಯ ದೊರೆಯದಿದ್ದರೆ ದಂಟು ನೀಳದು, ಹೂವು ಹೊರಬಾರದು. ಚಿಕ್ಕೋಡಿಯ ಮಾಗಿಯ ಚಳಿ ಎಷ್ಟೇ ಚುರುಕಾದರೂ ಹಗಲಿನ ಬಿಸಿಲು ಆ ಶೈತ್ಯವನ್ನು ನಿಲ್ಲಗೊಡದು. ಶೀತಗೃಹದಲ್ಲಿರಿಸಿದ ಲಶುನವು ಕುಂಡದಲ್ಲಿ ಒಮ್ಮೆ ಅರಳಿದರೂ ಮರುವರ್ಷಕ್ಕೆ ಉಳಿದು ಅರಳುವ ಆಶೆ ಇಲ್ಲ. ಭಾರತದಲ್ಲಿ ಅದರ ಮಹೋದ್ಯಾನವು ಶ್ರೀನಗರದ ಜಬರ್ವಾನ್ ಬೆಟ್ಟದ ತಪ್ಪಲಿನಲ್ಲಿ 2007ರಲ್ಲಿ ತೆರೆದುದು ಈ ಕಾರಣದಿಂದಲೇ.

ಈ ಕುಲದ ವೈಚಿತ್ರ್ಯಗಳು ತಿಳಿಯತಕ್ಕುವಾಗಿವೆ. ಹೊರದಳ ಕೆಂಪು ಒಳದಳ ಬಿಳುಪಾದ ಕ್ಲೂಸಿಯಾನ, ಎಲೆಯ ಮೇಲೆ ಕಂದುಗೆಂಪು ಗೀರುಗಳುಳ್ಳ ಗ್ರೈಗಿಐ, ದಳಗಳು ಎಳೆಯಂತೆ ನೀಳವಾಗಿ ಮೊನಚಾಗಿರುವ ಅಕ್ಯುಮಿನಾಟ, ಹಳದಿಯಾಗಿ ಸುವಾಸನೆಯುಳ್ಳ ಸಿಲ್ವೆಸ್ಟ್ರಿಸ್ ಮೊದಲಾದುವು ಪುಷ್ಪಪ್ರಿಯರ ಆದರಕ್ಕೆ ಪಾತ್ರವಾಗಿವೆ. ಬಾಬರನು ತನ್ನ ಆತ್ಮಚರಿತ್ರೆಯಲ್ಲಿ ಕಾಬೂಲಿನ ಸುತ್ತ ಮೂವತ್ತೆರಡೋ ಮೂವತ್ತಮೂರೋ ಬಗೆಯ ಟ್ಯುಲಿಪ್ಪುಗಳನ್ನು ಎಣಿಸಿದುದಾಗಿ ಬರೆದಿದ್ದಾನೆ. ಯುರೋಪಿನಲ್ಲಿ 1593ರಲ್ಲಿ ಲೈಡನ್ನಿಗೆ ಬಂದ ಕ್ಲೂಸಿಯಸ್ ಎಂಬ ಪಂಡಿತನ ತೋಟದಿಂದ ಡಚ್ಚರಲ್ಲಿ ಈ ಹೂವಿನ ವ್ಯಾಮೋಹ ಬೆಳೆದು, 1637ರಲ್ಲಿ ಲಶುನಗಳ ಬೆಲೆ ಒಮ್ಮೆಗೇ ಕುಸಿಯುವಲ್ಲಿ ಪರ್ಯವಸಾನವಾಯಿತು. ಅಂದು ಅತ್ಯಧಿಕ ಬೆಲೆ ಪಡೆದ ಜ್ವಾಲೆಯಂಥ ಗೀರುಗಳ ಹೂಗಳು ಸಸ್ಯಹೇನುಗಳು ಹರಡುವ ವೈರಸ್ಸಿನಿಂದ ಉಂಟಾದ ರೋಗದ ಲಕ್ಷಣವೆಂಬುದನ್ನು ಡೊರೊತಿ ಕೇಲಿ ಅವರ 1928ರ ಸಂಶೋಧನೆ ತಿಳಿಯಪಡಿಸಿತು.

ಕಾಡು ಜಾತಿಗಳು

ಗೌರಿಹೂವು: ಈ ಸೀಮೆಯ ಕಂದಪುಷ್ಪಗಳಲ್ಲಿ ಅಗ್ರಸ್ಥಾನಕ್ಕೆ ಅರ್ಹವಾದುದು ಅಗ್ನಿಶಿಖೆ, ಲಾಂಗಲಿ ಎಂಬ ಹೆಸರುಗಳೂ ಉಳ್ಳ ಗೌರಿಹೂವಿನ ಬಳ್ಳಿ, ಲಿನೇಯಸ್ ಇದಕ್ಕೆ ಗ್ಲೋರಿಯೋಸ ಸೂಪರ್ಬ ಎಂದು ಹೆಸರಿಟ್ಟನು. ನೇಗಿಲಿನ ಆಕಾರದಲ್ಲಿ ಕೋನವಾಗಿ ಬಾಗಿದ ಇದರ ಗೆಡ್ಡೆಯೇ ಲಾಂಗಲಿ ಎಂಬ ಸಂಸ್ಕೃತ ನಾಮಕ್ಕೆ ನಿಮಿತ್ತ, ಲಾಂಗಲವೆಂದರೆ ನೇಗಿಲು. ಮಿರಗದ ಮಳೆಗೆ ಮೊಳೆತು, ಬೇಲಿಯ ಮುಳ್ಳುಕಂಟಿಗಳನ್ನು ಎಲೆಯ ತುದಿಯೇ ಸುರುಳಿಯಾಗಿ ಪರಿಣಮಿಸಿದ ಕುಡಿಬಳ್ಳಿಗಳಿಂದ ಹಿಡಿದು ಏರಿ, ಶ್ರಾವಣ ಭಾದ್ರಪದಗಳಲ್ಲಿ ಇದು ಹೂಬಿಡುತ್ತದೆ. ಮೊಗ್ಗಿನಲ್ಲಿ ಕೆಳಮೊಗವಾಗಿರುವ ಹೂವಿನ ಆರು ದಳಗಳು ಅಲೆಅಲೆಯಾದ ಅಂಚುಗಳೊಡನೆ ಹಿಂದಕ್ಕೆ ಮಡಿಚಿ ಮೇಲಕ್ಕೆದ್ದು ನಿಲ್ಲುವುವು. ಮೊದಲು ಹಸುರು, ಬಳಿಕ ಹಳದಿ, ಆಮೇಲೆ ಬುಡದಲ್ಲಿ ಹಳದಿ ತುದಿಯಲ್ಲಿ ಕೆಂಪು, ಕೊನೆಗೆ ಇಡಿಯಾಗಿ ಕಡುಗೆಂಪು ಎಂಬ ಕ್ರಮದಲ್ಲಿ ಒಂದೇ ಹೂವು ದಿನದಿನಕ್ಕೆ ಬಣ್ಣವನ್ನು ಬದಲಿಸುವುದರಿಂದ ಒಂದೇ ಬಳ್ಳಿಯಲ್ಲಿ ಉರಿಯ ಎಲ್ಲ ಛಾಯೆಗಳೂ ಏಕಕಾಲಕ್ಕೆ ಕಾಣುತ್ತವೆ. ಶಲಾಕೆಯು ಅಂಡಾಶಯದಿಂದ ಲಂಬಕೋನದಲ್ಲಿ ಪಕ್ಕಕ್ಕೆ ಬಾಗಿರುವುದು ಇನ್ನೊಂದು ವೈಶಿಷ್ಟ್ಯ. ಎಳೆಯಂಥ ದಳಗಳ ಅಕ್ಯುಮಿನಾಟ ಟ್ಯುಲಿಪ್ಪನ್ನು ಮೆಚ್ಚುವವರು ನಮ್ಮ ಬೇಲಿಯ ಈ ಹೂವನ್ನು ಕಂಡರೆ ಅದನ್ನು ಇದಕ್ಕಿಂತ ಮೇಲೆಂದು ಹೇಳಲಾರರು.

ಈ ಬಳ್ಳಿಯ ಸರ್ವಾಂಗವೂ, ವಿಶೇಷವಾಗಿ ಗೆಡ್ಡೆಯೂ ಬೀಜವೂ, ಕೊಲ್ಚಿಸಿನ್ ಎಂಬ ಪ್ರಬಲ ವಿಷವನ್ನು ಹೊಂದಿವೆ. ಆಯುರ್ವೇದವು ಇದನ್ನು ಉಪವಿಷಗಳಲ್ಲಿ ಎಣಿಸಿದೆ. ಅದೇ ಕೊಲ್ಚಿಸಿನ್ ತಕ್ಕ ಪ್ರಮಾಣದಲ್ಲಿ ವಾತರಕ್ತದ ಔಷಧವೂ ಹೌದು, ವರ್ಣತಂತುಗಳ ಸಂಖ್ಯೆಯನ್ನು ಇಮ್ಮಡಿಸಿ ಹೊಸ ತಳಿಗಳನ್ನು ಸೃಷ್ಟಿಸುವ ಸಸ್ಯತಳಿಶಾಸ್ತ್ರಜ್ಞರ ಸಾಧನವೂ ಹೌದು. ತಮಿಳುನಾಡು ಇದನ್ನು ರಾಜ್ಯಪುಷ್ಪವಾಗಿ ಮಾನ್ಯಮಾಡಿರುವುದಲ್ಲದೆ ಅಲ್ಲಿಯ ರೈತರು ಬೀಜಕ್ಕಾಗಿ ಇದನ್ನು ಬೆಳೆಯಾಗಿಯೂ ಬೆಳೆಯುತ್ತಾರೆ. ಆಫ್ರಿಕದ ಜಿಂಬಾಬ್ವೆಗೆ ಇದು ರಾಷ್ಟ್ರಪುಷ್ಪ.

ಇಫಿಜೀನಿಯ: ಗೌರಿಹೂವಿನ ಕುಟುಂಬಕ್ಕೇ ಸೇರಿದ ಇಫಿಜೀನಿಯ ಇಂಡಿಕ ಹುಲ್ಲಿನ ನಡುವೆ ಹುಲ್ಲಿನಂಥ ಎಲೆಗಳೊಡನೆ ಗೇಣುದ್ದಕ್ಕೆ ಬೆಳೆದು, ಮಳೆಗಾಲದ ನಡುವಿನಲ್ಲಿ ನಕ್ಷತ್ರಾಕಾರದ ಕಡುನೇರಳೆ ಹೂಗಳನ್ನು ತಳೆಯುವ ಅಲ್ಪದೇಹಿ. ದನಕಾಯುವವರು ತುಳಿದು ಹೋಗುವಷ್ಟು ಸಣ್ಣದಾದರೂ ಬಾಗಿ ನೋಡಿದವರಿಗೆ ಇದರ ವರ್ಣಗಾಂಭೀರ್ಯವು ಮರೆಯತಕ್ಕುದಲ್ಲ. ಈ ಎರಡು ಸಸ್ಯಗಳ ಕುಟುಂಬವೂ ಟ್ಯುಲಿಪ್ಪಿನ ಕುಟುಂಬವೂ ಲಿಲಿಯೇಲೀಸ್ ಎಂಬ ಒಂದೇ ಗಣಕ್ಕೆ ಸೇರಿರುವುದರಿಂದ ಟ್ಯುಲಿಪ್ಪಿನ ರಕ್ತಸಂಬಂಧವನ್ನು ನ್ಯಾಯವಾಗಿ ಹೇಳಿಕೊಳ್ಳಬಲ್ಲುವು ಇವೇ. ಇದೇ ಬಳಗದ ಕ್ಯಾಂಪ್ಟೊರೈಜ ಎಂಬ ಕುಲವು ದಕ್ಷಿಣ ಆಫ್ರಿಕದ್ದೆಂದು ತಿಳಿದಿದ್ದ ಕಾಲದಲ್ಲಿ, ಯಾದವ್, ಸಿಂಗ್ ಮತ್ತು ಮ್ಯಾಥ್ಯೂ ಅವರು 2003ರಲ್ಲಿ ಅದರ ಭಾರತೀಯ ಜಾತಿಯೊಂದನ್ನು ವರ್ಣಿಸಿದರು.

ಅಡವಿ ಉಳ್ಳಾಗಡ್ಡಿ: ಸಂಸ್ಕೃತದಲ್ಲಿ ವನಪಲಾಂಡು ಎನಿಸಿದ ಡ್ರಿಮಿಯ ಇಂಡಿಕವು ಗರಸುನೆಲದಲ್ಲಿ ಬೇಸಗೆಯ ಉರಿಯಲ್ಲಿಯೇ, ಎಲೆಯ ಸುಳಿವೂ ಇಲ್ಲದೆ, ನೀಳವಾದ ಒಂಟಿ ದಂಟನ್ನು ಮೇಲೆತ್ತಿ ಮಾಸಲು ಕಂದು ಬಣ್ಣದ ಜೋಲುಹೂಗಳನ್ನು ವಿರಳವಾಗಿ ತೊಡುತ್ತದೆ. ಸುತ್ತಲೂ ಹಸುರೇ ಇಲ್ಲದ ಕಾಲದಲ್ಲಿ ಒಣನೆಲವು ತಾನಾಗಿ ಹೂಬಿಟ್ಟಂತೆ ತೋರುವ ಈ ದೃಶ್ಯವು ಕಂದದ ಶಕ್ತಿಗೆ ನಿದರ್ಶನ. ಮಳೆ ಬಿದ್ದ ಮೇಲೆ ಎಲೆಗಳು ಬಂದು ಖರ್ಚಾದ ಭಂಡಾರವನ್ನು ಮತ್ತೆ ತುಂಬುತ್ತವೆ. ರೂಪದಿಂದ ಉಳ್ಳಾಗಡ್ಡಿಯಂತಿದ್ದರೂ ಇದರ ಲಶುನವು ಕಹಿ. ಹೃದಯದ ಮೇಲೆ ತೀವ್ರವಾಗಿ ವರ್ತಿಸುವ ದ್ರವ್ಯಗಳು ಇದರಲ್ಲಿರುವುದರಿಂದ ತಿನ್ನತಕ್ಕುದಲ್ಲ.

ಲೆಡೆಬೂರಿಯ: ಮೊದಲ ಮಳೆಗೆ ಕಲ್ಲುಸಂದುಗಳಲ್ಲಿ ಕಾಣಿಸಿಕೊಳ್ಳುವ ಈ ಪುಟ್ಟ ಲಶುನಸಸ್ಯದ ಎಲೆಗಳ ಮೇಲೆ ನೇರಳೆ ಮಚ್ಚೆಗಳು ಹರಡಿರುತ್ತವೆ, ಗ್ರೈಗಿಐ ಟ್ಯುಲಿಪ್ಪಿನ ಎಲೆಯಂತೆ ಇಲ್ಲಿಯೂ ಹೂವಿಗಿಂತ ಎಲೆಯೇ ಮನೋಹರ. ನೆಲವನ್ನು ಮುಟ್ಟಿದ ಎಲೆಯ ತುದಿಯಲ್ಲಿ ಕೆಲವೊಮ್ಮೆ ಮರಿಲಶುನವು ಹುಟ್ಟಿ ಬೇರೂರುವುದರಿಂದ ಸಸ್ಯವು ತಾನಾಗಿ ಹೆಜ್ಜೆಯಿಟ್ಟು ನಡೆದಂತೆ ಹಬ್ಬುತ್ತದೆ.

ಸುದರ್ಶನ ಮತ್ತು ಅದರ ಬಂಧುಗಳು: ಬಿಳಿಯ ದಳಗಳ ನಡುವೆ ಗುಲಾಬಿ ಪಟ್ಟೆಗಳನ್ನುಳ್ಳ ಕ್ರೈನಮ್ ಲ್ಯಾಟಿಫೋಲಿಯಮ್, ಹೊಳೆಹಳ್ಳಗಳ ಕೆಸರುದಂಡೆಯನ್ನು ಆಶ್ರಯಿಸುವ ಕ್ರೈನಮ್ ವಿವಿಪಾರಮ್, ಕೇಸರದಂಡಗಳ ಬುಡಗಳು ಕೂಡಿ ಬಿಳಿಯ ಬಟ್ಟಲನ್ನೇ ಕಟ್ಟುವ ಪ್ಯಾಂಕ್ರೇಶಿಯಮ್ ಎಂಬಿವು ಒಂದೇ ಮನೆತನದವು. ಹೊಳೆದಂಡೆಯ ಕ್ರೈನಮ್ಮಿನ ಬೀಜವು ಒಣಬೀಜವಲ್ಲ. ರಸತುಂಬಿದ ಉಂಡೆಯಾಗಿದ್ದು ವಿಶ್ರಾಂತಿಯಿಲ್ಲದೆ ಮೊಳೆಯುವುದರಿಂದ ನೀರು ಒಯ್ದು ಬಿಟ್ಟ ಕೆಸರಿನಲ್ಲಿ ಬೇಗನೆ ನೆಲೆಯೂರಬಲ್ಲುದು. ಪ್ಯಾಂಕ್ರೇಶಿಯಮ್ ಪಾರ್ವಮ್ ಎಂಬ ಕಿರಿಯ ಜಾತಿಗೆ ಹೆಸರಿಟ್ಟವರು ಮೇಲೆ ಹೇಳಿದ ಡಾಲ್ಜೆಲ್ಲರೇ.

ಇವಲ್ಲದೆ ಹಳದಿ ನಕ್ಷತ್ರದಂಥ ಹೂವಿನ ನೆಲತಾಳೆ, ಬಿಳಿಯ ಹೂಗೊಂಚಲಿನ ಕ್ಲೋರೊಫೈಟಮ್, ಹೂಗೊಂಚಲು ಬಿಸಿಯೇರಿ ದುರ್ಗಂಧದಿಂದ ಕೀಟಗಳನ್ನು ಕರೆಯುವ ಸುವರ್ಣಗೆಡ್ಡೆಯ ಬಳಗ ಮೊದಲಾದುವೂ ಈ ವರ್ಗಕ್ಕೆ ಸಲ್ಲುವುವು.

ಬೇಸಾಯದ ಜಾತಿಗಳು

ಸುಗಂಧರಾಜ: ಗಡಿನಾಡಿನ ಜನ ಮರಾಠಿಯ ಸಂಗದಿಂದ ನಿಶಿಗಂಧವೆಂದೂ ಕರೆಯುವ ಈ ಹೂವು ಮೂಲತಃ ಮೆಕ್ಸಿಕೊ ದೇಶದ್ದು. ನೆಟ್ಟ ಮೂರು ನಾಲ್ಕು ತಿಂಗಳಿಗೆ ದಂಟು ಹಾಯುತ್ತದೆ. ಸಂಜೆಯ ಬಳಿಕ ಪರಿಮಳ ತೀವ್ರವಾಗುತ್ತದೆ. ಒಂದು ಸುತ್ತು ದಳಗಳ ಒಂಟಿಹೂವು ಹೆಚ್ಚು ಪರಿಮಳವುಳ್ಳದ್ದಾದುದರಿಂದ ಮಾಲೆಗೂ ಸುಗಂಧದ್ರವ್ಯಕ್ಕೂ, ಹಲವು ಸುತ್ತಿನ ಜೋಡಿಹೂವು ಹೂದಾನಿಗೂ ಸಲ್ಲುತ್ತವೆ. 1967ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಒಂಟಿ ಜೋಡಿಗಳ ಸಂಕರದಿಂದ ಶೃಂಗಾರ್, ಸುವಾಸಿನಿ ಎಂಬ ತಳಿಗಳನ್ನೂ, ಶೃಂಗಾರ್ ಮತ್ತು ಮೆಕ್ಸಿಕನ್ ಒಂಟಿಯ ಸಂಕರದಿಂದ ಪ್ರಜ್ವಲ್ ತಳಿಯನ್ನೂ ಪಡೆದಿದೆ. ಶೃಂಗಾರ್ ತಳಿಯು ಬೇರುಗಂಟು ಜಂತುಹುಳುವಿನ ಬಾಧೆಯನ್ನು ತಡೆದುಕೊಳ್ಳಬಲ್ಲುದು. ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯು ಗಾಮಾಕಿರಣಗಳ ಪ್ರಯೋಗದಿಂದ ಎಲೆಯಲ್ಲಿ ಬೆಳ್ಳಿಗೀರುಳ್ಳ ರಜತರೇಖಾ, ಎಲೆಯಂಚಿನಲ್ಲಿ ಹೊನ್ನಗೀರುಳ್ಳ ಸ್ವರ್ಣರೇಖಾ ಎಂಬ ಅಪರೂಪದ ತಳಿಗಳನ್ನು ನೀಡಿತು. ಡಚ್ಚರ ಗೀರುಹೂಗಳು ರೋಗದಿಂದ ಹುಟ್ಟಿ ಲಶುನವನ್ನು ದುರ್ಬಲಗೊಳಿಸಿದುವು. ಈ ರೇಖೆಗಳು ಸ್ಥಿರವಾದ ಮಾರ್ಪಾಟುಗಳಾಗಿ ಮರಿಗಡ್ಡಿಗಳಲ್ಲಿಯೂ ಮುಂದುವರಿಯುತ್ತವೆ.

ಅರಿಶಿನ: ರಾಯಬಾಗ, ಅಥಣಿ, ಚಿಕ್ಕೋಡಿಗಳ ನೀರಾವರಿ ಭೂಮಿಯಲ್ಲಿ ಅರಿಶಿನವು ಹಣದ ಬೆಳೆ, ಅದರ ಪೇಟೆಯು ನೆರೆಯ ಸಾಂಗಲಿ. ಎಲೆಗಳ ನಡುವೆ ಅಡಗಿದ ಇದರ ತೆನೆಯನ್ನು ಬಿಳಿಹಸುರು ಪತ್ರಕಗಳು ಮುಚ್ಚಿದ್ದು ಅವುಗಳ ನಡುವೆ ಹಳದಿ ಹೂಗಳು ಇಣುಕುತ್ತವೆ. ವರ್ಣತಂತುಗಳ ಮೂರು ಗುಂಪುಗಳುಳ್ಳ ಸಸ್ಯವಾದುದರಿಂದ ಇದು ಬೀಜ ಕಟ್ಟುವುದಿಲ್ಲ. ಬಗೆಬಗೆಯ ಟ್ಯುಲಿಪ್ ತಳಿಗಳನ್ನು ಮರಿಲಶುನದಿಂದ ಉಳಿಸುವಂತೆ, ಅರಿಶಿನದ ವಂಶವನ್ನೂ ರೈತನ ಕೈಯೇ ಗಡ್ಡೆಯಿಂದ ಗಡ್ಡೆಗೆ ದಾಟಿಸಿ ತಂದಿದೆ. ಸಾಂಗಲಿಯ ಬಳಿಯ ಹರಿಪುರದಲ್ಲಿ ಒಣಗಿಸಿದ ಅರಿಶಿನವನ್ನು ಪೇವು ಎಂಬ ನೆಲಗುಳಿಗಳಲ್ಲಿ ಶೇಖರಿಸುವ ಪದ್ಧತಿಯಿದ್ದು, ಅವುಗಳಲ್ಲಿ ಹಲವು 2005ರ ಮಹಾಪೂರದಲ್ಲಿ ಹಾಳಾದುವು. ಸಾಂಗಲಿಯ ಅರಿಶಿನಕ್ಕೆ 2018ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು.

ಹಿತ್ತಿಲಿನ ಹೂಗಳು

ಎಲೆಗೆ ಮುನ್ನ ನೆಲದಿಂದ ನೇರವಾಗಿ ಪರಿಮಳದ ಹೂಗಳನ್ನು ಹೊರಚೆಲ್ಲುವ ನೆಲಸಂಪಿಗೆ, ತೇವವುಳ್ಳ ಬಚ್ಚಲಬದಿಯಲ್ಲಿ ಬೆಳೆಯುವ ಸುರುಳಿ ಸುಗಂಧಿ, ಮಳೆ ಬಂದ ಕೆಲವೇ ದಿನಗಳಲ್ಲಿ ಬಿಳಿ, ಹಳದಿ, ಗುಲಾಬಿ ಬಣ್ಣಗಳಲ್ಲಿ ಅರಳುವ ಅಮೆರಿಕ ಮೂಲದ ಮಳೆಲಿಲ್ಲಿ, ಚೆಂಡಿನಂತೆ ಕೆಂಪಾಗಿ ಅರಳುವ ಆಫ್ರಿಕದ ಸ್ಕ್ಯಾಡೊಕ್ಸಸ್ ಇವು ಮನೆಯಂಗಳದ ಪರಿಚಿತರು.

ಜನಜೀವನದಲ್ಲಿ ಕಂದ

ಈ ಐದು ತಾಲ್ಲೂಕುಗಳಲ್ಲಿ ಜೈನಧರ್ಮದ ಅನುಯಾಯಿಗಳು ಬಹುಸಂಖ್ಯೆಯಲ್ಲಿದ್ದು, ನಿಪ್ಪಾಣಿಯ ಬಳಿಯ ಸ್ತವನಿಧಿಯು ಅವರ ಪುಣ್ಯಕ್ಷೇತ್ರವಾಗಿದೆ. ಅವರ ಆಚಾರದಲ್ಲಿ ಕಂದಮೂಲತ್ಯಾಗಕ್ಕೆ ಉನ್ನತ ಸ್ಥಾನವಿದೆ: ಉಳ್ಳಾಗಡ್ಡಿ, ಬಳ್ಳೊಳ್ಳಿ ಮೊದಲಾದ ನೆಲದೊಳಗಿನ ಗಡ್ಡಿಗಳು ಅನಂತಕಾಯಗಳು, ಅಂದರೆ ಒಂದೇ ದೇಹದಲ್ಲಿ ಅನಂತ ಜೀವಗಳನ್ನು ಧರಿಸಿದವು, ಅವುಗಳನ್ನು ಕಿತ್ತರೆ ಮಹಾಹಿಂಸೆಯೆಂಬುದು ಅವರ ಸಿದ್ಧಾಂತ. ಶಾಸ್ತ್ರದ ಪರಿಭಾಷೆ ಬೇರೆಯಾದರೂ, ಒಂದು ಗಡ್ಡೆಯ ಒಂದೊಂದು ಕಣ್ಣೂ ಒಂದೊಂದು ಪೂರ್ಣ ಸಸ್ಯವಾಗಬಲ್ಲುದೆಂಬುದು ಸಸ್ಯವಿಜ್ಞಾನವೂ ಒಪ್ಪುವ ಮಾತು. ಗೌರಿ ಗಣೇಶರ ಹಬ್ಬದ ಕಾಲಕ್ಕೆ ಸರಿಯಾಗಿ ಅರಳುವ ಅಗ್ನಿಶಿಖೆಯು ದೇವಿಯ ಹೆಸರನ್ನು ಪಡೆದಿರುವುದೂ ಜನರ ಆದರಕ್ಕೆ ಸಾಕ್ಷಿ.

ತೋಟದ ಕ್ರಮ

ಕಂದಗಳಿಗೆ ಬರಗಾಲಕ್ಕಿಂತ ನಿಂತ ನೀರು ಹೆಚ್ಚಿನ ಶತ್ರು. ಎರೆಮಣ್ಣು ಮಳೆಗಾಲದಲ್ಲಿ ನೀರನ್ನು ಹಿಡಿದಿಟ್ಟು ಗಡ್ಡಿಗಳನ್ನು ಕೊಳೆಯಿಸುವುದರಿಂದ, ಮಸಾರಿ ಮಣ್ಣು, ಗರಸು, ಚೆನ್ನಾಗಿ ಕಳಿತ ಗೊಬ್ಬರಗಳನ್ನು ಬೆರಸಿ ಎತ್ತರವಾದ ಮಡಿಗಳನ್ನು ಮಾಡತಕ್ಕುದು. ಎಲೆಗಳು ಹಳದಿಯಾದ ಮೇಲೆ ನೀರನ್ನು ನಿಲ್ಲಿಸಬೇಕು. ಹಸುರಿರುವಾಗ ಎಲೆಗಳನ್ನು ಕೊಯ್ದರೆ ಮುಂದಿನ ವರ್ಷದ ಹೂವನ್ನೇ ಕೊಯ್ದಂತೆ. ಸುಗಂಧರಾಜಕ್ಕೆ ಒಂದೂವರೆ ಸೆಂಟಿಮೀಟರಿಗಿಂತ ದಪ್ಪವಾದ ಗಡ್ಡಿಗಳನ್ನೇ ಆರಿಸುವುದು ಒಳ್ಳೆಯದು. ಒಮ್ಮೆ ಹೂಕೊಟ್ಟ ಗಡ್ಡಿಯು ಮತ್ತೆ ಹೂಬಿಡದೆ ತನ್ನ ಮರಿಗಳಿಗೆ ಸ್ಥಾನ ಬಿಟ್ಟುಕೊಡುತ್ತದೆ. ಗೌರಿಹೂವಿನ ಗೆಡ್ಡೆಯನ್ನು ಮುಟ್ಟಿದ ಬಳಿಕ ಕೈ ತೊಳೆಯುವುದೂ, ಮಕ್ಕಳಿಗೂ ದನಗಳಿಗೂ ಎಟುಕದಂತೆ ನೆಡುವುದೂ ಅಗತ್ಯ. ಈ ವಿಷಯಗಳಲ್ಲಿ ಶಿಕ್ಷಣ ಸಂಶೋಧನೆಗಳಿಗೆ ಸಮೀಪದ ಕೇಂದ್ರ ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕಾ ಮಹಾವಿದ್ಯಾಲಯ. ಅದು 2008ರಲ್ಲಿ ಸ್ಥಾಪಿತವಾದ ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ.

ಸಂರಕ್ಷಣೆ

ನೀರಾವರಿಯು ಹಬ್ಬಿ ಕಬ್ಬು ವಿಸ್ತರಿಸಿದಂತೆಲ್ಲ ಮಡ್ಡಿಗಳೂ ಗಾಯರಾಣವೆಂಬ ಗೋಮಾಳಗಳೂ ಉಳುಮೆಗೆ ಒಳಗಾಗುತ್ತಿವೆ. ಮುಳ್ಳುಬೇಲಿಯ ಸ್ಥಾನಕ್ಕೆ ತಂತಿಬೇಲಿ ಬಂದಲ್ಲಿ ಗೌರಿಹೂವಿಗೆ ಏರುವ ಆಸರೆಯೇ ಇಲ್ಲವಾಗುತ್ತದೆ. ಔಷಧಕ್ಕೆಂದು ಗೆಡ್ಡೆಗಳನ್ನು ಬುಡಸಹಿತ ಅಗೆಯುವುದು ಇನ್ನೊಂದು ಹಾನಿ. ಉಳುಮೆಯಿಂದ ಒಮ್ಮೆ ಮೇಲೆದ್ದ ಗಡ್ಡೆಯು ಬಿಸಿಲಿಗೆ ಒಣಗಿಹೋದರೆ ಆ ನೆಲದಲ್ಲಿ ಅದರ ಸಂತತಿ ಮತ್ತೆ ತಲೆಯೆತ್ತುವುದು ದುರ್ಲಭ, ಏಕೆಂದರೆ ಗೌರಿಹೂವು ಬೀಜದಿಂದ ಹೂವಿಗೆ ಬರಲು ಮೂರು ನಾಲ್ಕು ವರ್ಷಗಳು ಹಿಡಿಯುತ್ತವೆ. ನಿಪ್ಪಾಣಿಗೆ ಸಮೀಪವಾದ ಕೊಲ್ಲಾಪುರದಲ್ಲಿ ಶಿವಾಜಿ ವಿಶ್ವವಿದ್ಯಾಲಯದ ಸಸ್ಯೋದ್ಯಾನವು ಸಹ್ಯಾದ್ರಿಯ ವಿರಳ ಸಸ್ಯಗಳನ್ನು ಬೆಳಸಿ ಕಾಪಾಡುತ್ತಿರುವುದು ಅನುಸರಣೀಯವಾದ ಮಾದರಿ.

ಈ ಸೀಮೆಯ ಪ್ರತಿಯೊಂದು ಶಾಲೆಯ ಅಂಗಳದಲ್ಲಿಯೂ ಒಂದು ಕಂದವನವನ್ನು ನಿರ್ಮಿಸುವುದು ಅಲ್ಪವ್ಯಯದಿಂದ ಸಾಧ್ಯವಾದ ಕಾರ್ಯ. ವಿಷದ ಜಾತಿಗಳನ್ನು ಅದರಿಂದ ದೂರವಿಟ್ಟು ಬೇಲಿಗಳಲ್ಲಿಯೇ ಉಳಿಸಿಕೊಳ್ಳಬೇಕು. ಕಾಡಿನ ಗಡ್ಡಿಯನ್ನು ಕೀಳದೆ, ಬೀಜವನ್ನು ಮಾತ್ರ ಕೂಡಿಸಿ ತಂದು, ಮಿರಗದ ಮಳೆಗೆ ಬಿತ್ತಿ, ಮೂರು ವರ್ಷ ತಾಳ್ಮೆಯಿಂದ ಕಾಯುವವರಿಗೆ ಈ ನೆಲವು ತನ್ನ ಹಗೇವಿನ ಬಾಯನ್ನು ತಪ್ಪದೆ ತೆರೆಯುವುದು.